ಸೂರಿನ ಸೆರಗು

ಕೊಳೆತ ಎಲೆಗೂ ಒಂದು ಕಾವು ಇರುತ್ತದೆ, ಬೆರಳ ಸಂದಿಗೆ ಮೆತ್ತಿಕೊಂಡಾಗಲೇ ಅದು ತಿಳಿಯುವುದು, ಮಳೆ ಕುತ್ತಿಗೆಯ ಹಿಂದಿನಿಂದ ಇಳಿದು ಬೆನ್ನೆಲ್ಲ ತಣ್ಣಗಾಗಿದ್ದರೂ ಗೋಣಿಚೀಲದ ತಳದ ಈ ಕಪ್ಪು ಮುದ್ದೆ ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿದೆ — ಸಿಲ್ವರ್ ಓಕಿನ ಎಲೆ, ಒಣಗಿದ್ದಾಗ ಬೆಳ್ಳಿ, ನೆಂದರೆ ಸಗಣಿ — ಚಂದನಾ ಏಣಿಯ ತುದಿಯಲ್ಲಿ ನಿಂತು, ಒಂದು ಕೈಯಲ್ಲಿ ಸೂರಿನ ರೀಪು ಹಿಡಿದು, ಇನ್ನೊಂದರಲ್ಲಿ ಆ ಮುದ್ದೆಯನ್ನು ತಗಡಿನ ದೋಣಿಯೊಳಗೆ ಒತ್ತುತ್ತಾಳೆ, ಹಂಚಿನಿಂದ ಇಳಿದ ನೀರೆಲ್ಲ ಈ ದೋಣಿಗೆ ಬಿದ್ದು, ಮೂಲೆಯ ಪೈಪಿನ ಬಾಯಿಗೆ ಓಡಿ, ಮನೆಯ ಹಿಂದಿನ ತೊಟ್ಟಿಗೆ ಹೋಗುತ್ತಿದೆ, ಎಷ್ಟು ಚೊಕ್ಕವಾಗಿ, ಎಷ್ಟು ವಿಧೇಯವಾಗಿ, ಅದನ್ನು ತಡೆಯಬೇಕು, ಜಗಲಿಯ ಮೆಟ್ಟಿಲಿನ ನೇರಕ್ಕೆ ಒಂದು ಕಟ್ಟೆ ಕಟ್ಟಬೇಕು, ನೀರು ಅಲ್ಲಿ ತುಂಬಬೇಕು, ಉಕ್ಕಬೇಕು, ಮೊದಲಿನ ಹಾಗೆ ಮೆಟ್ಟಿಲ ಅಂಚಿಗೇ ಬೀಳಬೇಕು — ಏ ಚಂದನಾ, ಇಳಿಯೇ ಕೆಳಗೆ, ಮನೇಲಿ ಒಬ್ರು ಮಲಗಿರೋದು ಸಾಕಾಗ್ಲಿಲ್ವಾ ನಿಂಗೆ, ಅಮ್ಮ ಕೆಳಗಿನಿಂದ ಕೂಗುತ್ತಾಳೆ, ಬೈಯುತ್ತಲೇ ಏಣಿಯ ಕಾಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಾಳೆ, ಜನ ಕರೆಸಿ ಎಲೆ ತೆಗೆಸ್ದೋಳೂ ಇವ್ಳೆ, ಮಳೇಲಿ ನೆಂದು ತುಂಬ್ತಿರೋಳೂ ಇವ್ಳೆ, ಇಂಥೋಳನ್ನ ಯಾರು ಕಟ್ಕೋತಾರೋ ನಾ ಕಾಣೆ. ಸ್ವಲ್ಪ ಮೆತ್ತಗಮ್ಮ, ಅಜ್ಜಿಗೆ ಕೇಳ್ಸುತ್ತೆ. ಕೇಳಿಸಲಿ ಅಂತಲೇ ಇದೆಲ್ಲ, ಕೇಳಿಸಲಿ ಅಂತಲೇ ಅಲ್ಲವೇ, ಆದರೆ ಅಮ್ಮನ ಬೈಗುಳವಲ್ಲ, ನೀರು, ಬರೀ ನೀರು — ಆ ಕೈ — ಬೇಡ, ಈಗ ಬೇಡ, ಏಣಿಯ ಮೇಲೆ ನಿಂತು ಅದನ್ನು ನೆನೆಯಬಾರದು.

ದೋಣಿಯ ಮೇಲೆ ಹಾಸಿರುವ ತಂತಿಯ ಜಾಲರಿಯನ್ನು ಒಂದು ಮಾರಿನಷ್ಟು ಕತ್ತರಿಸಿ ಮೇಲೆತ್ತಬೇಕಾಯಿತು, ಬೆರಳಿಗೆ ಗೀರು ಬಿದ್ದಿದೆ, ಬೆಳ್ಯಪ್ಪನವರ ಕೆಲಸವೆಂದರೆ ಹಾಗೆ, ಹಾಕಿದ ಮೇಲೆ ಅಲ್ಲಾಡುವುದಿಲ್ಲ, ಇದು ಹಾಕಿದ ಮೇಲೆ ಒಂದು ಎಲೆ ಒಳಗೆ ಹೋಗುವುದಿಲ್ಲ ಮೇಡಂ, ಹೋದರೆ ಫೋನ್ ಮಾಡಿ, ನಾನೇ ಬಂದು ತಿಂತೇನೆ ಅಂದಿದ್ದರು, ಸಿದ್ದಾಪುರದಿಂದ ಪಿಕಪ್‌ನಲ್ಲಿ ಏಣಿ, ಬ್ಲೋವರ್, ನೀರಿನ ಪೈಪು ಎಲ್ಲ ಹೇರಿಕೊಂಡು ಬಂದವರು. ಚೆಟ್ಟಳ್ಳಿಯ ನರ್ಸರಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಶೋಭಿತಾ ಈ ಬೆಳ್ಯಪ್ಪನವರ ನಂಬರ್ ಕೊಟ್ಟಿದ್ದಳು, ಮಳೆಗಾಲಕ್ಕೆ ಮುಂಚೆ ಗಟರ್ ಕ್ಲೀನಿಂಗ್, ನಿಮ್ಮ ಗೋಡೆಗೆ ನಮ್ಮ ಕಾವಲು ಅಂತ ವಾಟ್ಸಾಪ್‌ನಲ್ಲಿ ಹಾಕಿಕೊಂಡಿದ್ದರು, ಆ ಕಾವಲು ಅನ್ನುವ ಮಾತಿಗೇ ಅವಳು ಸೋತದ್ದು. ಎಲೆ ಕಟ್ಟಿದ ದೋಣಿ ಉಕ್ಕಿ ಗೋಡೆ ಊದಿಕೊಂಡಿತ್ತಲ್ಲ, ಅಜ್ಜಿಯ ತಲೆದಿಂಬಿನ ಪಕ್ಕದ ಮಣ್ಣಿನ ಗೋಡೆ, ಸುಣ್ಣ ಎದ್ದು, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು, ಗುಡ್ಡ ಜಾರಿದ ಆ ವರ್ಷದಿಂದ ಮಾದಾಪುರದ ಕಡೆ ಒದ್ದೆ ಗೋಡೆ ಕಂಡರೆ ಯಾರಿಗೂ ನಿದ್ದೆ ಹತ್ತುವುದಿಲ್ಲ, ಅವಳಿಗಂತೂ ಮಗ್ಗುಲು ಬದಲಿಸಿದಾಗಲೆಲ್ಲ ಆ ಗೋಡೆ ಅಜ್ಜಿಯ ಮೇಲೆ ಒರಗಿದ ಹಾಗೆ, ಕಣ್ಣು ಕಾಣದ ಮುದುಕಿ ಎತ್ತ ಓಡುತ್ತಾಳೆ, ಎತ್ತ ಅಂತ ಓಡುತ್ತಾಳೆ — ಅಜ್ಜಿಗಾಗಿಯೇ ಮಾಡಿಸಿದ್ದು, ಅಜ್ಜಿಗಾಗಿಯೇ, ಈ ಮಾತನ್ನು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ, ಹೇಳಿಕೊಂಡಷ್ಟೂ ಅದು ಆ ಗೋಡೆಯ ಹಾಗೆಯೇ ಒಳಗೆ ಮೆತ್ತಗಾಗುತ್ತದೆ. ಎಂತ ಮೇಡಂ ಇದು, ಗಟರಾ ನಿಮ್ಮ ನರ್ಸರಿಯಾ, ಆ ದಿನ ಬೆಳ್ಯಪ್ಪ ಮೇಲಿನಿಂದ ನಗುತ್ತಿದ್ದರು, ನೋಡಿ, ಒಂದು ಹಲಸಿನ ಸಸಿ ಉಂಟು, ಒಂದು ಕಪ್ಪೆ ಸಂಸಾರ ಉಂಟು. ಜಗಲಿಯಲ್ಲಿ ಕುಳಿತ ಅಜ್ಜಿ ತಲೆ ಎತ್ತಿ, ಏನಪ್ಪಾ ಬೆಳ್ಯಪ್ಪ, ನಮ್ಮನೆ ಕಪ್ಪೇನ ಒಕ್ಕಲೆಬ್ಬಿಸ್ತಿದೀಯಾ, ಅವು ನಿಂಗಿಂತ ಮೊದ್ಲು ಬಂದೋವು. ಅವಕ್ಕೆ ಬೇರೆ ಮನೆ ನೋಡಿ ಕೊಡ್ತೇನೆ ಅಜ್ಜಿ, ಬಾಡಿಗೆ ಬೇಡ. ಎಲ್ಲರೂ ನಕ್ಕರು, ಅಮ್ಮ ಕಾಫಿ ತಂದಳು, ಆಮೇಲೆ ಅಜ್ಜಿ ಕೇಳಿದಳು — ನಗು ಇನ್ನೂ ಮುಗಿದಿರಲಿಲ್ಲ, ಆ ನಗುವಿನ ನಡುವೆಯೇ ಕೇಳಿದಳು — ಹಂಗಾದ್ರೆ ನೀರೆಲ್ಲ ಎಲ್ಲಿಗೋಯ್ತದಪ್ಪ? ಪೈಪಲ್ಲಿ ಹಿಂದಕ್ಕೆ ಅಜ್ಜಿ, ತೊಟ್ಟಿಗೆ. ಮುಂದ್ಗಡೆ ಏನೂ ಬೀಳಾಕಿಲ್ವಾ? ಒಂದು ಹನಿ ಬಿದ್ರೆ ನನ್ನ ಹೆಸರು ಬದಲಾಯಿಸಿ. ಅಜ್ಜಿ ಕಾಫಿಯ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚಿನ ಸುತ್ತ ಬೆರಳಾಡಿಸುತ್ತ ಕುಳಿತಳು, ಸುತ್ತಿ ಸುತ್ತಿ, ಚಂದನಾ ಅದನ್ನು ನೋಡಿದಳು, ನೋಡಿ, ಅಜ್ಜಿಗೆ ಕಪ್ಪೆಗಳ ಚಿಂತೆ ಅಂದುಕೊಂಡಳು, ಹೌದು, ಹಾಗೆಯೇ ಅಂದುಕೊಂಡಳು.

ಕಥೆ ಕೇಳುವ ಕಿವಿ ಅವಳದು, ಬೇರೆ ಏನನ್ನೂ ಕೇಳದ ಕಿವಿ, ಅಜ್ಜಿಯ ಮಡಿಲಲ್ಲಿ ಬೆಳೆದು ಹಾಳಾದ ಕಿವಿ ಅಂತ ಅಮ್ಮ ಯಾವಾಗಲೂ ಅನ್ನುತ್ತಾಳೆ, ಅನ್ನ ಉಕ್ಕಿದರೂ ಇವಳಿಗೆ ಏಳು ಸಮುದ್ರ ಉಕ್ಕಿದ ಹಾಗೆ ಕಾಣುತ್ತದೆ, ಒಲೆ ಆರಿಸುವುದಿಲ್ಲ. ಚಿಕ್ಕಂದಿನ ಕಥೆಗಳಲ್ಲಿ ಬೆಕ್ಕಿಗೆ ಮದುವೆಯಾಗುತ್ತಿತ್ತು, ಏಳು ಜನ ಅಣ್ಣಂದಿರ ತಂಗಿ ಹೂವಾಗುತ್ತಿದ್ದಳು, ಮಳೆರಾಯನ ಕಥೆ ಮಾತ್ರ ಆಗ ಇರಲಿಲ್ಲ, ಇರಲೇ ಇಲ್ಲ, ಇದು ಈಗ ಹೊಳೆಯುತ್ತಿದೆ, ಏಣಿಯ ಮೇಲೆ, ಅಂಗೈಯಲ್ಲಿ ಕೊಳೆತ ಎಲೆ ಹಿಡಿದು ನಿಂತಾಗ — ಅದು ಅಜ್ಜಿಯ ಕಣ್ಣಿನ ನರ ಒಣಗಿದೆ ಅಂತ ಡಾಕ್ಟರು ಹೇಳಿದ ಮೇಲೆ ಹುಟ್ಟಿದ ಕಥೆ. ಒಂದೂರಲ್ಲಿ ಒಬ್ಳು ಮುದುಕಿ ಇದ್ಲು ಮಗ, ಅವಳ ಗುಡಿಸಲಿಗೆ ಬಾಗ್ಲಿಲ್ಲ, ಮುಂದೇನೇ ದೊಡ್ಡ ಪ್ರಪಾತ, ಒಂದಿನ ಮಳೆರಾಯ ದಾರಿ ತಪ್ಪಿ ಬಂದ, ಮುದುಕಿ ಅವನ ತಲೆ ಒರಸಿ ಗಂಜಿ ಕೊಟ್ಲು, ಹೋಗೋವಾಗ ಅವ್ನು ಹೆಗಲ ಮೇಲಿನ ವಲ್ಲಿಯ ಸೆರಗು ಹರಿದು ಸೂರಿಗೆ ಕಟ್ದ, ಅವ್ವಾ, ಕೈ ಚಾಚ್ಕೊಂಡು ಬಾ, ನನ್ನ ಸೆರಗು ಕೈಗೆ ತಗುಲಿದಲ್ಲಿ ನಿಲ್ಲು, ಅದರಾಚೆಗೆ ನಿಂದಲ್ಲ ಅಂದ. ಎಷ್ಟು ಚಂದದ ಕಥೆ ಅಜ್ಜಿ ಅಂತ ಇವಳು ಕೊರಳಿಗೆ ಜೋತುಬಿದ್ದಿದ್ದಳು. ಬೇಸಿಗೆಯಲ್ಲಿ ಜಗಲಿಯ ಅಂಚು ಬಿಸಿಲಾಗಿ ಅಜ್ಜಿಯ ಕೈಗೆ ತಾಗುತ್ತಿತ್ತು, ಮಳೆಗಾಲದಲ್ಲಿ ನೀರಾಗಿ, ಕಟ್ಟಿಕೊಂಡ ದೋಣಿಯಿಂದ ಉಕ್ಕಿ ಮೆಟ್ಟಿಲ ನೇರಕ್ಕೆ ಸುರಿಯುವ ನೀರಾಗಿ, ಅದು ಅಂಗೈಗೆ ಬಿದ್ದ ಕೂಡಲೇ ಅಜ್ಜಿ ನಿಲ್ಲುತ್ತಿದ್ದಳು, ಬಲಕ್ಕೆ ಕಂಬ ಹುಡುಕುತ್ತಿದ್ದಳು, ಕಂಬ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು, ಸಂಜೆ ಬಂದು ಒದ್ದೆ ಕೈಯಿಂದ ಇವಳ ಕೆನ್ನೆ ಮುಟ್ಟಿ, ಸೆರಗು ಮುಟ್ಬಂದೆ ಕಣವ್ವ ಅನ್ನುತ್ತಿದ್ದಳು, ನಗುತ್ತ ಅನ್ನುತ್ತಿದ್ದಳು, ನಂಗೆ ದಾರಿ ಕಾಣ್ತಿಲ್ಲ, ಯಾರಾದ್ರೂ ಕೈ ಹಿಡೀರಿ ಅಂತ ಕೇಳಲಾರದವಳು ಕಥೆ ಕಟ್ಟಿ ಹೇಳಿದ್ದಳು, ಇವಳು ಕಥೆ ಅಂತ ಕೇಳಿದಳು, ಕಣ್ಣು ಕಾಣದವಳ ದಾರಿ ಅಂತ ಕೇಳಲೇ ಇಲ್ಲ.

ಇನ್ನೊಂದು ಮುದ್ದೆ, ಇನ್ನೊಂದು, ಮೇಲೆ ಒಂದಿಷ್ಟು ಮಣ್ಣು, ನೀರು ಈಗ ಕಟ್ಟೆಯ ಹಿಂದೆ ನಿಂತು ಸುತ್ತುತ್ತಿದೆ, ಅಂದು ದೋಣಿಯಿಂದ ತೆಗೆದು ಹಲಸಿನ ಬುಡಕ್ಕೆ ಗೊಬ್ಬರಕ್ಕೆಂದು ಸುರಿದಿದ್ದ ಎಲೆಯನ್ನೇ ಬಾಚಿ ತಂದದ್ದು, ಅದೇ ಎಲೆ, ಅದೇ ಜಾಗ, ಎಲ್ಲವನ್ನೂ ಅದೇ ಜಾಗಕ್ಕೆ ಇಟ್ಟುಬಿಟ್ಟರೆ ಆ ಸಂಜೆಯೂ ಹಿಂದಕ್ಕೆ ಸರಿಯುತ್ತದೆಯೇ — ಸುಂಟಿಕೊಪ್ಪದ ಕಡೆಯಿಂದ ಬಂದ ಬಸ್ಸು ಅವಳನ್ನು ಇಳಿಸಿ ಹೋಗಿತ್ತು, ಗೇಟಿನ ಹತ್ತಿರ ಕೊಡೆ ಅರ್ಧ ಮಡಿಸಿ ನಿಂತಿದ್ದಳು, ಗಾಳಿಯಿಲ್ಲದ ನೆಟ್ಟಗಿನ ಮಳೆ, ಹಂಚಿನ ಮೇಲೆ ಒಂದೇ ಸಮನೆ ಸದ್ದು, ಬಸ್ಸಿನ ಹಾರ್ನ್ ಕೇಳಿ ಅಜ್ಜಿ ಎದ್ದು ಬರುತ್ತಿದ್ದಳು, ದಿನವೂ ಬರುವ ಹಾಗೆ, ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಆಕಾಶದ ಹತ್ತಿರ ಏನೋ ಕೇಳುವವಳ ಹಾಗೆ, ಬೂದುಬಣ್ಣದ ಸೀರೆ, ಬೆಳ್ಳಗಿನ ತಲೆ, ಹಿಂದೆ ಬಾಗಿಲೊಳಗಿನ ದೀಪ, ಚಂದನಾಗೆ ಆಗ ಅನ್ನಿಸಿದ್ದು ಏನು, ಅನ್ನಿಸಿದ್ದು ಏನು ಹೇಳು — ಎಷ್ಟು ಚಂದ ಕಾಣ್ತಾಳೆ ಅಂತ, ಥೇಟ್ ಕಥೆಯ ಮುದುಕಿ ಅಂತ, ಫೋನು ಬ್ಯಾಗಿನ ಯಾವ ಜೇಬಿನಲ್ಲಿದೆ ಅಂತ, ಥೂ. ಅಜ್ಜೀ ನಿಲ್ಲು, ಅನ್ನಬೇಕಿತ್ತು. ಅಷ್ಟೇ, ಎರಡೇ ಮಾತು, ಹೇಳಲು ಒಂದು ಉಸಿರು ಸಾಕು, ಉಸಿರು ಇತ್ತು, ಬಾಯಿ ಇತ್ತು. ಕೈಗೆ ನೀರು ಬರಲಿಲ್ಲ, ಅಜ್ಜಿ ಇನ್ನೊಂದು ಹೆಜ್ಜೆ ಇಟ್ಟಳು, ಕೈ ಇನ್ನೂ ಚಾಚಿಯೇ ಇತ್ತು, ಇನ್ನೊಂದು ಹೆಜ್ಜೆ, ಅಲ್ಲಿ ನೆಲವಿರಲಿಲ್ಲ.

ಮೂಳೆಗೆ ಕಂಬಿ ಹಾಕಿದ ಮೇಲೆ, ಮೈಸೂರಿನ ಆಸ್ಪತ್ರೆಯಲ್ಲಿ, ಔಷಧದ ಮಂಪರಿನಲ್ಲಿ ಅಜ್ಜಿ ಹೇಳಿದ್ದು, ಯಾರನ್ನೂ ದೂಷಿಸದ ದನಿಯಲ್ಲಿ — ಮಳೆ ಸದ್ದು ಕೇಳ್ತಿತ್ತು ಕಣವ್ವ, ಕೈಗೆ ನೀರಿಲ್ಲ, ಅಂಚು ಇನ್ನೂ ದೂರೈತೆ ಅಂದ್ಕೊಂತು ಕಾಲು, ನಂಗೆ ಗೊತ್ತಿತ್ತು ಅವ್ರು ಎಲ್ಲಾ ತೆಗ್ದವ್ರೆ ಅಂತ, ಕಾಲಿಗೆ ಹೇಳೋದ ಮರ್ತಿದ್ದೆ. ಹಾಗೆ ಹೇಳಿ ತಾನೇ ನಕ್ಕಿದ್ದಳು, ಆ ನಗುವೇ ಕೊನೆ, ಮನೆಗೆ ಬಂದ ಮೇಲೆ ಕಥೆಯಿಲ್ಲ, ನಗುವಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ, ಗೋಡೆ ಒಣಗುತ್ತಾ ಬಂದಿದೆ, ಗಟ್ಟಿಯಾಗಿದೆ, ಈಗ ಯಾರ ಮೇಲೂ ಬೀಳುವುದಿಲ್ಲ. ಈ ವಾರ ನಡೆಯದಿದ್ದರೆ ಆಮೇಲೆ ಕಾಲು ಹಿಡಿದುಕೊಳ್ಳುತ್ತದೆ, ಮತ್ತೆ ಮಂಚವೇ ಗತಿ, ನಿನ್ನೆ ವ್ಯಾಯಾಮ ಮಾಡಿಸಲು ಬಂದ ಹುಡುಗಿ ಹೇಳಿಹೋದಳು, ವಾಕರ್ ಮಂಚದ ಪಕ್ಕ ನಿಂತೇ ಇದೆ, ಬಾ ಅಜ್ಜಿ, ಜಗಲಿವರೆಗೆ ಹೋಗಿ ಬರೋಣ ಅಂದರೆ, ಎಲ್ಲಿಗೆ ಅಂತ ಬರ್ಲಿ ಮಗ, ಎಲ್ಲಿ ಮುಗೀತದೆ ಅಂತ ಗೊತ್ತಿಲ್ಲದ ಕಡೆಗೆ? ನಾನು ಹಿಡ್ಕೋತೀನಲ್ಲ. ನೀನು ಬಸ್ಸಿಗೋದ್ಮೇಲೆ? ಇವತ್ತು ಬೆಳಿಗ್ಗೆ ಏಣಿ ಇತ್ತು, ಎಲೆ ಇತ್ತು, ಮಳೆ ಇತ್ತು.

ಬಿತ್ತು. ಮೊದಲು ಒಂದು ಎಳೆ, ಆಮೇಲೆ ಎರಡು ಬೆರಳಗಲ, ಆಮೇಲೆ ಇಡೀ ಮೆಟ್ಟಿಲಿನ ಅಗಲಕ್ಕೆ, ಕಲ್ಲಿನ ಮೇಲೆ ಅದೇ ಹಳೆಯ ಸದ್ದು, ಕಿವಿ ತುಂಬುವ ಸದ್ದು, ಅಮ್ಮ ಏಣಿ ಬಿಟ್ಟು ಹಿಂದೆ ಸರಿದು, ಶಿವನೇ ಅಂದಳು, ಮತ್ತೆ ಬೈಯಲಿಲ್ಲ, ಚಂದನಾ ಇಳಿದಳೋ ಜಾರಿದಳೋ, ಒದ್ದೆ ಕಾಲಲ್ಲೇ ಒಳಗೆ ಓಡಿದಳು, ಕೋಣೆಯಲ್ಲಿ ಅಜ್ಜಿ ಆಗಲೇ ತಲೆ ಎತ್ತಿದ್ದಳು, ಗೋಡೆಯಿಂದ ಮುಖ ಈಚೆಗೆ ತಿರುಗಿಸಿದ್ದಳು, ಬಂತಾ ಮಗ? ಬಂತಜ್ಜಿ, ಕೇಳಿಸ್ತಾ? ಕೇಳ್ಸದೇ ಏನು, ನಂಗೆ ಕಣ್ಣೋಗಿರೋದು, ಕಿವಿಯಲ್ಲ. ಕಾಲು ತಾನಾಗಿಯೇ ಕೆಳಗಿಳಿಸಿದಳು, ವಾಕರ್ ತಾನಾಗಿಯೇ ತಡಕಿದಳು, ಎದ್ದಳು, ಮುಖ ಸೊಟ್ಟಗಾಯಿತು, ಆದರೂ ಎದ್ದಳು, ಒಂದು ಹೆಜ್ಜೆ, ನೋವಿನ ಒಂದು ಸಣ್ಣ ಉಸಿರು, ಇನ್ನೊಂದು ಹೆಜ್ಜೆ, ಕೋಣೆಯ ನಡುವಿಗೆ ಬಂದಳು, ಬಾಗಿಲ ಕಡೆ ಕಿವಿ ಕೊಟ್ಟು, ವಾಕರಿನಿಂದ ಬಲಗೈ ಬಿಡಿಸಿ, ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಚಂದನಾಗೆ ಕುಣಿಯುವಷ್ಟಾಯಿತು, ಅಳುವಷ್ಟಾಯಿತು, ಎರಡೂ ಸೇರಿ ಏನು ಮಾಡುತ್ತಿದ್ದೇನೆ ಅನ್ನುವ ಎಚ್ಚರವೇ ಉಳಿಯದೆ ಆ ಕೈ ಹಿಡಿಯಲು ತನ್ನ ಕೈ ಚಾಚಿದಳು, ಎಲೆಯ ನೀರು, ಮಳೆಯ ನೀರು, ಮೊಣಕೈಯಿಂದ ಇಳಿದ ನೀರು, ಎಲ್ಲ ತೊಟ್ಟಿಕ್ಕುವ ಕೈಯನ್ನು, ಅಜ್ಜಿಯ ಅಂಗೈಯ ಮೇಲೆ.

ಅಜ್ಜಿ ನಿಂತುಬಿಟ್ಟಳು. ಕಾಲು ಎಳೆದುಕೊಂಡಳು. ಅಂಚು, ಅಂದಳು. ಇಲ್ಲಜ್ಜಿ, ಇದು ನನ್ ಕೈ, ಒದ್ದೆ ಆಗಿದೆ ಅಷ್ಟೆ, ಇನ್ನೂ ಕೋಣೇಲೇ ಇದೀವಿ, ಜಗಲಿ ದೂರ ಇದೆ, ಬಾ, ನಾನಿದೀನಲ್ಲ — ಹೇಳುತ್ತಿದ್ದಾಳೆ, ಹೇಳುತ್ತಲೇ ಇದ್ದಾಳೆ, ಅಜ್ಜಿ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ, ಮತ್ತೆ ಮುಂದೆ ಚಾಚುತ್ತಾಳೆ, ಸದ್ದು ಅಲ್ಲೈತೆ, ನೀರು ಇಲ್ಲೈತೆ, ಯಾವುದನ್ನ ನಂಬ್ಲಿ ಮಗ? ಬೈಗುಳವಲ್ಲ ಅದು, ದೂರೂ ಅಲ್ಲ, ದಾರಿಯಲ್ಲಿ ಹೋಗುವವರನ್ನು ಯಾವ ಕಡೆ ಅಂತ ಕೇಳುವ ಹಾಗೆ ಕೇಳಿದಳು, ಹೊರಗೆ ನೀರು ಸುರಿಯುತ್ತಿದೆ, ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಾಳೆ, ಉತ್ತರ ಹೇಳಬೇಕು, ಅಜ್ಜಿ ಕಾಯುತ್ತಿದ್ದಾಳೆ, ಒಂದು ಮಾತು, ಬಾಯಿ ತೆರೆದರೆ ಸಾಕು, ತೆರೆಯುತ್ತಿಲ್ಲ, ಆ ಸಂಜೆ ಗೇಟಿನ ಹತ್ತಿರ ಕೊಡೆ ಅರ್ಧ ಮಡಿಸಿ ನಿಂತ ಹಾಗೆ ಚಂದನಾ ನಿಂತಿದ್ದಾಳೆ, ಮುಂದೆ ಚಾಚಿದ ಆ ಕೈ, ಅಂಗೈ ಮೇಲೆ ಮಾಡಿದ ಆ ಕೈ, ಒಣಗಿದ ಗೆರೆಗಳು, ಬೆರಳು ಸ್ವಲ್ಪ ಬಾಗಿ, ಗಾಳಿಯಲ್ಲಿ, ಏನೂ ಬೀಳದ ಜಾಗದಲ್ಲಿ, ಆ ಕೈ