ಗದ್ದದವರೆಗೆ ಮಣ್ಣು

ಮಣ್ಣು ಅವ್ವನ ಗದ್ದದವರೆಗೆ ಬಂದ ಮೇಲೆ ನಾನು ಮಲಗುವುದನ್ನೇ ಬಿಟ್ಟೆ.

ಕನಸಿನ ಮಾತು ಹೇಳುತ್ತಿದ್ದೇನೆ. ಅವ್ವ ಹೋಗಿ ನಾಲ್ಕು ವರ್ಷದ ಮೇಲಾಯಿತು. ಕನಸಿನಲ್ಲಿ ಅವಳು ಒಂದು ಕುಣಿಯೊಳಗೆ ಕೂತಿರುತ್ತಾಳೆ, ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂರಿಸುವ ಹಾಗೆಯೇ, ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ. ಹಣೆ ತುಂಬ ವಿಭೂತಿ. ಕಣ್ಣು ಮಾತ್ರ ತೆರೆದಿರುತ್ತವೆ. ಸುತ್ತಲಿನ ಕೆಂಪು ಮಣ್ಣು ಯಾರೂ ಹಾಕದಿದ್ದರೂ ತಾನಾಗಿ ಏರುತ್ತಿರುತ್ತದೆ. ಆ ಮಣ್ಣಿನೊಳಗಿಂದ ಒಂದು ಕೈ ನನ್ನತ್ತ ಚಾಚುತ್ತದೆ, ಅಂಗೈ ಮೇಲಾಗಿ. “ಕೊಡು” ಎನ್ನುತ್ತಾಳೆ. ನನ್ನ ಕಾಲು ಏಳುವುದಿಲ್ಲ. ನನ್ನ ಬಾಯಿಯೊಳಗೂ ಮಣ್ಣು ತುಂಬಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಆಗ ಎಚ್ಚರಾಗುತ್ತದೆ. ಎದ್ದು ಎರಡು ಚೊಂಬು ನೀರು ಮುಕ್ಕಳಿಸಿದರೂ ನಾಲಿಗೆಯ ಮೇಲೆ ಮಣ್ಣಿನ ರುಚಿ ಹಾಗೇ ಇರುತ್ತದೆ.

ಮೊದಲ ವರ್ಷ ಮಣ್ಣು ಅವಳ ತೊಡೆಯ ಮಟ್ಟಕ್ಕಿತ್ತು. ತಿಂಗಳಿಗೊಮ್ಮೆ ಬರುತ್ತಿತ್ತು ಕನಸು. ಆಮೇಲೆ ನಡುವಿಗೆ ಬಂತು, ಎದೆಗೆ ಬಂತು. ಈ ಸಲ ದಸರಾ ಹೊತ್ತಿಗೆ ಹೆಗಲು ಮುಚ್ಚಿತು, ವಾರಕ್ಕೆ ಮೂರು ಸಲ ಕನಸು. ದೀಪಾವಳಿ ಮುಗಿದ ವಾರ ಗದ್ದ. ಅದು ಬಾಯಿ ಮುಚ್ಚಿದ ದಿನ ನಾನು ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಯಾಕೆ ಎಂದು ಕೇಳಬೇಡಿ. ಕನಸು ಕಂಡವರಿಗೆ ಅದು ಗೊತ್ತಿರುತ್ತದೆ, ಅಷ್ಟೇ.

ನಾನು ಶಿವಕಾಂತಾ. ಔರಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿಯುತ್ತೇನೆ. ತೋಳು ಬಿಗಿಯಾಯಿತು ಎಂದು ಯಾರಾದರೂ ಜಗಳಕ್ಕೆ ಬಂದರೆ “ಜಂಪರ್ ಸಣ್ಣದಾಗಿಲ್ಲ, ನೀವು ದೊಡ್ಡವರಾಗೀರಿ” ಎಂದು ಮುಖದ ಮೇಲೇ ಹೇಳುವವಳು. ಅಂಥ ನನಗೆ ಹೆದರಿಕೆ ಎಂದರೆ ನಾಚಿಕೆ. ಅದೂ ನಮ್ಮದು ಶರಣರ ಮನೆ. ಅಪ್ಪ ದೆವ್ವ, ಗಾಳಿ, ನಿಂಬೆಹಣ್ಣು ಯಾವುದನ್ನೂ ಹೊಸ್ತಿಲು ದಾಟಿಸಿದವನಲ್ಲ. ಆದರೂ ಹೇಳುತ್ತೇನೆ, ನನ್ನ ದಿಂಬಿನ ಕೆಳಗೆ ಕತ್ತರಿ ಬಂತು, ವಿಭೂತಿ ಗಟ್ಟಿ ಬಂತು, ಪಕ್ಕದ ಮನೆಯವರು ಕೊಟ್ಟ ನಿಂಬೆಹಣ್ಣೂ ಬಂತು. ಕೊನೆಗೆ ತಲೆ ಇಡಲು ಜಾಗ ಉಳಿಯಲಿಲ್ಲ, ಕನಸು ಮಾತ್ರ ತನ್ನ ಜಾಗ ಹುಡುಕಿಕೊಂಡು ಬಂತು.

ನಿದ್ದೆಯನ್ನು ಎಷ್ಟು ದಿನ ಓಡಿಸಲಾಗುತ್ತದೆ? ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ, ಹೊಲಿಗೆ ಮಷೀನಿನ ಮುಂದೆಯೇ ಕಣ್ಣು ಮುಚ್ಚಿತು. ಕೈ ಬಟ್ಟೆಯ ಮೇಲಿತ್ತು, ಕಾಲು ಮೋಟಾರಿನ ಪೆಡಲ್ ಮೇಲಿತ್ತು. ಅವ್ವನ ಗದ್ದ ಕಂಡಿತು, ಕೈ ಕಂಡಿತು, ಆ ಹೆದರಿಕೆಗೆ ಕಾಲು ಪೆಡಲನ್ನು ಒತ್ತಿತು. ಸೂಜಿ ತೋರುಬೆರಳಿನ ಉಗುರಿನ ಮೇಲಿಂದ ಇಳಿದು ಕೆಳಗೆ ಬಂತು.

ಬಟ್ಟೆ ಕೊಡಲು ಬಂದಿದ್ದ ಮುಸರ್ರತ ನನ್ನ ಕೂಗು ಕೇಳಿ ಒಳಗೆ ಓಡಿಬಂದಳು. ಬೆರಳಿಗೆ ಪಟ್ಟಿ ಸುತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ನಮ್ ಖಾಲಾಗೂ, ಚಿಗವ್ವಗ, ಹಿಂಗೇ ಆಗಿತ್ರಿ ಅಕ್ಕಾ. ಬೀದರದಾಗ ಒಬ್ರು ಡಾಕ್ಟರಮ್ಮ ಅವರ. ನಾಳಿನೇ ಹೋಗ್ರಿ.”

“ಹುಚ್ಚರ ಡಾಕ್ಟರಾ?”

“ಬೆರಳ ಹೊಲ್ಕೊಂಡೋರು ಶ್ಯಾಣ್ಯಾರೇನ್ರಿ ಅಕ್ಕಾ?”

ಮರುದಿನ ಬೀದರದ ಬಸ್ ಹತ್ತಿದೆ.

ಡಾಕ್ಟರಮ್ಮನ ಹೆಸರು ಸರಿತಾ. ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಕನಸನ್ನು ಮೊದಲಿಂದ ಕೊನೆಯವರೆಗೆ ಹೇಳಿಸಿದರು.

“ಮಣ್ಣು ಯಾವ ಬಣ್ಣದ್ರಿ?”

“ಕೆಂಪು.”

“ನಿಮ್ಮ ತವರೂರು ಯಾವುದ್ರಿ?”

“ಭಾತಂಬ್ರಾ.” ಹೇಳಿದ ಮೇಲೆ ನಾನೇ ಬೆಚ್ಚಿದೆ. ಭಾತಂಬ್ರಾದ ನಮ್ಮ ಹೊಲದ್ದು ಕಪ್ಪು ಮಣ್ಣು. ಕೆಂಪು ಮಣ್ಣು ಬೀದರದ್ದು.

“ಆ ಕೈ ನೋಡ್ರಿ. ಕೈಯಾಗ ಬಳಿ ಅವ ಏನ್ರಿ?”

ನಾಲ್ಕು ವರ್ಷ ನೋಡಿದ ಕೈ. ಆದರೂ ನಾನು ಅದನ್ನು ನೋಡಿರಲೇ ಇಲ್ಲ. ಬಳೆ ಇರಲಿಲ್ಲ. ಉಗುರು ಇರಲಿಲ್ಲ. ಬಣ್ಣ ನೀಲಿ.

“ಅದು ಅವ್ವನ ಕೈ ಅಲ್ರಿ,” ಎಂದೆ. “ಅದು ಗ್ಲೋವ್ಸ್ ಹಾಕ್ಕೊಂಡ ಕೈ. ಕಲೀಮಂದು.”

ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಆ ಕುರ್ಚಿಯಲ್ಲಿ ಕೂತು ಹೇಳಿದೆ.

ಕೊರೊನಾದ ಎರಡನೇ ಅಲೆಯ ಮೇ ತಿಂಗಳು. ಅಪ್ಪ ಮತ್ತು ಅಣ್ಣ ನಂದಕುಮಾರ ಇಬ್ಬರೂ ಜ್ವರ ಬಂದು ಭಾತಂಬ್ರಾದಲ್ಲಿ ಮಲಗಿದ್ದರು. ನನ್ನ ಗಂಡ ಔರಾದಿನಲ್ಲಿ ಮಲಗಿದ್ದರು. ಬೀದರದ ಆಸ್ಪತ್ರೆಯ ಹೊರಗೆ ಅವ್ವನಿಗಾಗಿ ನಿಂತವಳು ನಾನೊಬ್ಬಳೇ. ಆರನೇ ದಿನ ನರ್ಸ್ ಒಂದು ಕಾಗದದ ಪೊಟ್ಟಣ ಕೈಗೆ ಕೊಟ್ಟು ಸುದ್ದಿ ಹೇಳಿದರು. ಪೊಟ್ಟಣದಲ್ಲಿ ಅವ್ವನ ಇಷ್ಟಲಿಂಗವಿತ್ತು, ಅದನ್ನಿಡುವ ಬೆಳ್ಳಿಯ ಕರಡಿಗೆ, ದಾರ ಸಮೇತ. ಮದುವೆಗೂ ಮುಂಚಿನಿಂದ ಅವಳ ಎದೆ ಬಿಟ್ಟು ಇಳಿಯದ ಲಿಂಗ. ತೀರಿಕೊಂಡಾಗ ಅದು ಅವಳ ಎಡಗೈಯಲ್ಲಿರಬೇಕು, ಅದರೊಂದಿಗೇ ಅವಳನ್ನು ಮಣ್ಣಿಗೆ ಕೊಡಬೇಕು. ನಮ್ಮಲ್ಲಿ ಉಳಿದದ್ದೆಲ್ಲ ತಪ್ಪಿದರೂ ನಡೆಯುತ್ತದೆ, ಇದು ತಪ್ಪುವಂತಿಲ್ಲ.

ಊರಾಚೆ ಗುರುತು ಮಾಡಿದ ಜಾಗಕ್ಕೆ ಒಯ್ದರು. ನಾಲ್ಕು ಜನ ಹುಡುಗರು, ಮೈತುಂಬ ಪ್ಲಾಸ್ಟಿಕ್ ಉಡುಪು. ದುಡ್ಡು ತೆಗೆದುಕೊಳ್ಳದೆ ಈ ಕೆಲಸ ಮಾಡುತ್ತಿದ್ದವರು. ಕೂರಿಸಲು ಆಗುವುದಿಲ್ಲ, ಮಲಗಿಸಬೇಕು ಎಂದು ಮೊದಲೇ ಹೇಳಿದ್ದರು. ಅವರಲ್ಲೊಬ್ಬ, ಉಳಿದವರು ಕಲೀಮ ಎಂದು ಕರೆಯುತ್ತಿದ್ದವನು, ಕುಣಿ ಬಿಟ್ಟು ನನ್ನ ಕಡೆ ಬಂದ. ದೂರದಲ್ಲೇ ನಿಂತು ಕೈ ಚಾಚಿದ.

“ಅಕ್ಕಾ, ನಿಮ್ ಮಂದ್ಯಾಗ ಕೈಯಾಗ ಲಿಂಗ ಇಡ್ತಾರಲ್ರಿ. ಇದ್ರ ಕೊಡ್ರಿ, ನಾ ಇಡ್ತೇನಿ.”

ಪೊಟ್ಟಣ ನನ್ನ ಚೀಲದಲ್ಲೇ ಇತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. “ಇಲ್ಲ” ಎಂದೆ.

ಹೆದರಿದ್ದೆ, ಬೇರೇನೂ ಇಲ್ಲ. ಅದು ಆಗಷ್ಟೇ ಅವ್ವನನ್ನು ಮುಟ್ಟಿದ ಕೈ. ಅದರ ಹತ್ತಿರ ಹೋದರೆ ನಾನೂ ಸಾಯುತ್ತೇನೆ ಅನ್ನಿಸಿತು. ಹೆತ್ತ ತಾಯಿಗೆ ಹೆದರಿದೆ. ಅವನು ಇನ್ನಷ್ಟು ಹೊತ್ತು ಕೈ ಚಾಚಿಕೊಂಡೇ ನಿಂತಿದ್ದ. ಆಮೇಲೆ ಹೋದ. ಅವರು ಮಣ್ಣು ಎಳೆದರು.

ಸಂಜೆ ಅಪ್ಪ ಫೋನಿನಲ್ಲಿ ಕೆಮ್ಮುತ್ತ ಕೇಳಿದ್ದು ಒಂದೇ ಮಾತು. “ಕೈಯಾಗ ಲಿಂಗ ಇಟ್ರೇನು?” ನಾನು ಹೇಳಿದೆ, “ಇಟ್ಟೀನಿ ಅಪ್ಪಾ. ನಾನೇ ಮುಂದ ಹೋಗಿ ಇಟ್ಟೀನಿ.” ಆ ಕಡೆಯಿಂದ ಅಪ್ಪ ಅತ್ತದ್ದು ಕೇಳಿಸಿತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾನೆ, ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿತ್ತು, ನನ್ನ ಮಗಳು ಹೆದರಲಿಲ್ಲ ಎಂದು. ಎಂಬತ್ತೆರಡರ ಅಪ್ಪ ಆ ಒಂದು ಮಾತಿನ ಮೇಲೆ ಅವ್ವನಿಲ್ಲದೆ ಬದುಕಿದ್ದಾನೆ. ಪೊಟ್ಟಣ ನನ್ನ ಟ್ರಂಕಿನ ತಳದಲ್ಲಿದೆ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಕನಸು ನಿಮಗ ಶಿಕ್ಷಾ ಕೊಡ್ಲಿಕ್ಕೆ ಬರ್ಲತ್ತಿಲ್ರಿ,” ಎಂದರು. “ಹೆದರಿ ಎಚ್ಚರಾದಲ್ಲೇ ಅದು ನಿಂತುಬಿಡ್ತದ. ಮುಗೀಲಿಲ್ಲಂತ ಮತ್ತ ಮೊದಲಿಂದ ಬರ್ತದ. ಹಗಲಿನ್ಯಾಗ ಕುಂತು ಅದನ್ನ ಬರೀರಿ. ಕೊನಿ ಮಾತ್ರ ನಿಮಗ ಬೇಕಾದಂಗ ಬದಲ ಮಾಡ್ರಿ. ದಿನಾ ಹತ್ತ ನಿಮಿಷ ಆ ಹೊಸಾದ್ದು ಮನಸಿನ್ಯಾಗ ತರ್ರಿ.”

ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ. ನಾನು ನಡೆದು ಹೋಗುತ್ತೇನೆ, ಆ ಕೈಯಲ್ಲಿ ಲಿಂಗ ಇಡುತ್ತೇನೆ, ಅವ್ವ ಕಣ್ಣು ಮುಚ್ಚುತ್ತಾಳೆ, ಮಣ್ಣು ಇಳಿಯುತ್ತದೆ. ಎಂಟು ದಿನ ಮಧ್ಯಾಹ್ನ ಊಟದ ಮುಂಚೆ ಅದನ್ನೇ ನೆನೆದೆ. ಎಂಟು ದಿನವೂ ಕನಸು ಬರಲಿಲ್ಲ. ನಾನು ಮೂರ್ಖಳ ಹಾಗೆ ಖುಷಿಪಟ್ಟು ಮುಸರ್ರತಳಿಗೆ ಪುಕ್ಕಟೆ ಒಂದು ಜಂಪರ್ ಹೊಲಿದುಕೊಟ್ಟೆ.

ಒಂಬತ್ತನೆಯ ದಿನ ಕನಸು ಬಂತು. ಬರೆದ ಹಾಗೆಯೇ ನನ್ನ ಕಾಲು ಎದ್ದಿತು. ನಡೆದೆ. ಲಿಂಗವನ್ನು ಅಂಗೈಯಲ್ಲಿಟ್ಟೆ. ಬೆರಳು ಮುಚ್ಚಿದವು, ಆದರೆ ಲಿಂಗದ ಮೇಲೆ ಅಲ್ಲ, ನನ್ನ ಮಣಿಕಟ್ಟಿನ ಮೇಲೆ. ಅವ್ವ ಕಣ್ಣು ಮುಚ್ಚಲಿಲ್ಲ.

“ಅಪ್ಪಗ ಏನ್ ಹೇಳ್ದಿ?” ಎಂದಳು. ಮಣ್ಣು ಅವಳ ಕೆಳದುಟಿಗೆ ತಾಗಿತು.

ನಾನು ಕಿರುಚಿದ್ದು ಗಲ್ಲಿಯ ಕೊನೆಯ ಮನೆಗೂ ಕೇಳಿತಂತೆ. ಬೆಳಗಾಗುವವರೆಗೆ ದೀಪ ಹಚ್ಚಿಕೊಂಡು ಕೂತೆ. ಆಗ ಒಂದು ಮಾತು ಸ್ಪಷ್ಟವಾಯಿತು. ಅರ್ಧ ಸುಳ್ಳು ಉಳಿಸಿಕೊಂಡು ಬರೆದ ಕೊನೆಯನ್ನು ನನ್ನ ಮನಸ್ಸೇ ಒಪ್ಪಿರಲಿಲ್ಲ. ಅಪ್ಪನಿಗೆ ಹೇಳಬೇಕು. ಹೇಳಿದರೆ ಅವನ ಜೀವಕ್ಕೆ ಏನಾಗುತ್ತದೋ. ಹೇಳದಿದ್ದರೆ ಇನ್ನೊಂದು ಕನಸಿಗೆ ನನ್ನ ಕಥೆ ಮುಗಿಯುತ್ತದೆ. ಯಾವ ಕಡೆ ನೋಡಿದರೂ ಹೆದರಿಕೆಯೇ ಇತ್ತು.

ಭಾಲ್ಕಿಯಲ್ಲಿ ಬಸ್ ಬದಲಿಸಿ ಭಾತಂಬ್ರಾಕ್ಕೆ ಹೋದಾಗ ಅಪ್ಪ ಅಂಗಳದ ಹಗ್ಗದ ಮಂಚ, ಬಾಜಿನ ಮೇಲೆ ಕೂತಿದ್ದ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಹಣಮಂತಪ್ಪ ಎದುರಿಗೆ ಚಹಾ ಕುಡಿಯುತ್ತಿದ್ದ. ಚೀಲ ಇಳಿಸುವ ಮುಂಚೆಯೇ ಅಪ್ಪ ಶುರುಮಾಡಿದ.

“ಇಕಿನೇ ನೋಡಪಾ ನನ್ನ ಮಗಳು. ಕೊರೊನಾದಾಗ ಗಂಡಸ್ರೇ ಹೆಣಾ ಬಿಟ್ಟು ಓಡಿದ್ರು. ಇಕಿ ಹೆದರ್ಲಿಲ್ಲ.”

ಹಣಮಂತಪ್ಪ ನನಗೆ ಕೈಮುಗಿದ. ಆ ಕ್ಷಣ ನೆಲ ಬಾಯಿಬಿಟ್ಟಿದ್ದರೆ ಸಂತೋಷದಿಂದ ಇಳಿಯುತ್ತಿದ್ದೆ.

ಅವನು ಹೋದ ಮೇಲೆ ಪೊಟ್ಟಣ ತೆಗೆದು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ನಿಂತೆ. ಅಪ್ಪ ಕರಡಿಗೆಯನ್ನು ನೋಡಿದ. ಅದರ ಅಂಚಿನಲ್ಲಿದ್ದ ನೆಗ್ಗು ಅವನಿಗೆ ಗೊತ್ತಿತ್ತು.

“ಎಲ್ಲಿತ್ತಿದು?”

“ನನ್ನ ಟ್ರಂಕಿನ್ಯಾಗ.”

“ನಾಕ ವರ್ಷಾ?”

“ಹೂಂ. ಅವರು ಕೈ ಚಾಚಿ ಕೇಳಿದ್ರು ಅಪ್ಪಾ. ನಾ ಹೆದರಿ ಹಿಂದ ಸರದೆ. ಅವ್ವಗ ಏನೂ ಇಡ್ಲಿಲ್ಲ. ನಿನಗ ಸುಳ್ಳ ಹೇಳ್ದೆ.”

ಅಪ್ಪ ಕೋಲು ತೆಗೆದುಕೊಂಡ, ಚಪ್ಪಲಿಯನ್ನೂ ಮೆಟ್ಟದೆ ಹೊಲದ ದಾರಿ ಹಿಡಿದ. ಹಿಂದೆ ಹೋಗಲು ನೋಡಿದ ನನ್ನನ್ನು ಅಣ್ಣನ ಹೆಂಡತಿ, ವೈನಿ ಶೈಲಶ್ರೀ, ತಡೆದಳು.

ಎರಡೂವರೆ ತಾಸು. ಆ ಹೊತ್ತಿನಲ್ಲಿ ನಾನು ಪಟ್ಟ ಹೆದರಿಕೆಯ ಮುಂದೆ ಕನಸು ಏನೂ ಅಲ್ಲ. ಬಿಸಿಲಿನಲ್ಲಿ ಬಿದ್ದನೋ, ಬಾವಿಯ ಕಡೆ ಹೋದನೋ, ಅವ್ವನ ಬಾಯಿಗೆ ಬರಬೇಕಿದ್ದ ಮಣ್ಣು ಅಪ್ಪನ ಮೇಲೆ ಬಿತ್ತೋ ಎಂದು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲಲ್ಲೇ ಕೂತೆ.

ಬಿಸಿಲು ತಗ್ಗಿದ ಮೇಲೆ ಬಂದ. ಕಾಲು ತೊಳೆಯದೆ ಹಾಗೇ ಬಾಜಿನ ಮೇಲೆ ಕೂತ. ಕಣ್ಣು ಕೆಂಪಗಿದ್ದವು.

“ನಿನ್ನ ಮ್ಯಾಲ ಸಿಟ್ಟದ,” ಎಂದ. “ಲಗೂ ಹೋಗಲ್ಲ ಅದು.”

“ಇರ್ಲಿ ಅಪ್ಪಾ.”

“ಊರ ತುಂಬಾ ಹೇಳ್ಕೋತ ಅಡ್ಡಾಡ್ದೆ ನಾ. ಆಕಿ ಬರಿಗೈಲೆ ಮಲಗ್ಯಾಳ.” ಕೋಲಿನಿಂದ ನೆಲ ಕೆರೆದ. “ನಾ ಹೋದಾಗ ನನ್ನ ಕೈಯಾಗ ಎರಡೂ ಇಡು. ನಂದೂ, ಆಕಿದೂ. ನಾ ಒಯ್ದು ಕೊಡ್ತೇನಿ.”

“ಎರಡೆರಡು ಇಡ್ತಾರೇನು? ಅಯ್ಯನೋರು ಬ್ಯಾಡಂದ್ರ?”

“ಬ್ಯಾಡಂದ್ರ ಅವರ ಕನಸಿನ್ಯಾಗ ನಾ ಬರ್ತೇನಂತ ಹೇಳು.”

ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಪ್ಪ ನಗಲಿಲ್ಲ.

“ನಂದಕುಮಾರ ಅಲ್ಲ, ನೀನೇ ಇಡಬೇಕು. ನನ್ನ ಮಾರಿ ನೋಡ್ಕೋತ, ಹತ್ರ ಬಂದು.” ಅಷ್ಟು ಹೇಳಿ ಕೈ ಚಾಚಿದ, ಅಂಗೈ ಮೇಲಾಗಿ. “ಈಗ ಕೊಡು.”

ಅದೇ ಮಾತು. ಅದೇ ಕೈ ಚಾಚಿದ ರೀತಿ. ಹಾಡಹಗಲಿನಲ್ಲಿ, ಕಣ್ಣು ತೆರೆದಿದ್ದಾಗಲೇ ನನ್ನ ನಾಲಿಗೆಯ ಮೇಲೆ ಮಣ್ಣಿನ ರುಚಿ ಬಂತು. ಕಾಲು ಏಳಲಿಲ್ಲ.

“ಅಪ್ಪಾ, ನನಗ ಹೆದರಿಕಿ ಆಗ್ಲತ್ತದ.”

“ಆಗ್ಲಿ,” ಎಂದ ಅಪ್ಪ. ಕೈ ಹಿಂದೆ ತೆಗೆಯಲಿಲ್ಲ. “ಹೆದರ್ಕೋತನೇ ಕೊಡು.”

ನಮ್ಮಿಬ್ಬರ ನಡುವೆ ಎರಡು ಹೆಜ್ಜೆ ಇತ್ತು. ಹೆದರುತ್ತಲೇ ಅದನ್ನು ದಾಟಿ ಲಿಂಗವನ್ನು ಅವನ ಕೈಯಲ್ಲಿಟ್ಟೆ. ಅಪ್ಪನ ಅಂಗೈ ಬೆಚ್ಚಗಿತ್ತು, ಉಗುರಿನಲ್ಲಿ ನಮ್ಮ ಹೊಲದ ಕಪ್ಪು ಮಣ್ಣಿತ್ತು.