ಮೊದಲ ಗ್ಲಾಸಿನ ನೊರೆ

ಸದ್ದು ನಿಂತಿತು, ಉಣ್ಣೆ ಕತ್ತರಿಸುವ ಯಂತ್ರಗಳ ಸದ್ದು, ಬೆಳಗಿನಿಂದ ಕಿವಿಯೊಳಗೇ ಮನೆ ಮಾಡಿಕೊಂಡಿದ್ದದ್ದು, ಒಮ್ಮೆಲೇ ನಿಂತು ಈಗ ತೊಟ್ಟಿಯಲ್ಲಿ ಐಸ್ ಕರಗಿ ಜಾರುವುದೂ ಕೇಳುತ್ತಿದೆ, ನನ್ನ ಬಿಯರ್ ಪೀಪಾಯಿಯ ಸುತ್ತ, ಅಜ್ಜನದು, ಈಗ ನನ್ನದು. ಕೊನೆಯ ಕುರಿ ಬೋಳು ಮೈಯಲ್ಲಿ ಇಳಿಜಾರಿನ ಹಲಗೆಯ ಮೇಲೆ ಜಾರಿ ಹೊರಗೆ ಹೋಯಿತು, ಈ ಬೇಸಿಗೆಯ ಕೊನೆಯದು, ಅದರ ಉಣ್ಣೆ ಇನ್ನೂ ನನ್ನ ತೋಳಿನಲ್ಲಿ ಬೆಚ್ಚಗಿದೆ, ಮೇಜಿನ ಮೇಲೆ ಎಸೆದು ಹರಡಬೇಕು, ಅಂಚಿನ ಕೊಳೆ ಉಣ್ಣೆ ಕೀಳಬೇಕು, ಕೈ ತಾನೇ ಮಾಡುತ್ತದೆ, ಕಣ್ಣು ಮಾತ್ರ ಪೀಪಾಯಿಯ ಮೇಲೆ. ಕೆಲಸ ಮುಗಿದ ದಿನ ಬಿಯರ್ ಇರಬೇಕು, ನ್ಯೂಜಿಲೆಂಡಿನ ತೆಂಕಣ ತುದಿಯ ಈ ಸೌತ್‌ಲ್ಯಾಂಡಿನಲ್ಲಿ ಬಿಯರ್ ಇಲ್ಲದೆ ಯಾವ ತಂಡವೂ ಶೆಡ್ ಬಿಟ್ಟು ಹೋಗುವುದಿಲ್ಲ, ನಮ್ಮ ತಂಡಕ್ಕೆ ಯಾವಾಗಲೂ ಅಜ್ಜನ ಬಿಯರ್, ಅಜ್ಜ ಚಳಿಗಾಲದಲ್ಲಿ ತೀರಿಹೋದ, ಈ ಸಲ ಅಂಗಡೀದೇ ತರ್ಸೋಣ ಬಿಡ್ರೋ ಅಂದ ತೂರೋವ, ತಂಡದ ಯಜಮಾನ, ಆಗ ಯಾರೋ ನಾನ್ ಮಾಡ್ತೀನಿ ಅಂದರು, ಎಲ್ಲರೂ ತಿರುಗಿ ನೋಡಿದ ಮೇಲೆ ತಿಳಿಯಿತು, ಅಂದದ್ದು ನಾನು. ನೀನಾ ಪೇಕಾ, ನಿಂಗೆ ಬಾಯಿ ಬೇರೆ ಇದ್ಯಾ, ಸರಿ ಮಾಡು, ಚೆನ್ನಾಗಿದ್ರೆ ಪ್ರತಿ ವರ್ಷ ನಿಂದೇ, ಇಲ್ದಿದ್ರೆ ನಿಮ್ಮಜ್ಜನ ಪೀಪಾಯಿಗೆ ನನ್ನ ನಾಯಿ ಕಟ್ತೀನಿ ನೋಡು, ಅಂದ ತೂರೋವ. ನಕ್ಕರು. ಶಾಲೆಯಲ್ಲೂ ಹೀಗೇ ನಗುತ್ತಿದ್ದರು, ಎದ್ದು ನಿಂತು ಓದು ಎಂದಾಗ ಸಾಲು ಸಾಲಿಗೂ ತಡವರಿಸುತ್ತಿದ್ದೆ, ಪುಸ್ತಕ ಬಿಟ್ಟು ಇಲ್ಲಿಗೆ ಬಂದೆ, ಉಣ್ಣೆ ಗಟ್ಟಿಯಾಗಿ ಓದು ಎನ್ನುವುದಿಲ್ಲ.

ಅಜ್ಜನ ಪೀಪಾಯಿಗೆ ನಾಯಿ — ಇಲ್ಲ, ಅದಾಗಲು ಬಿಡುವುದಿಲ್ಲ, ಈ ಸ್ಟೀಲಿನ ಹೊಟ್ಟೆಯ ನೆಗ್ಗು ನಾನು ಹುಟ್ಟುವುದಕ್ಕೂ ಮೊದಲಿನದು, ಗ್ಯಾರೇಜಿನ ಹಳೇ ಫ್ರಿಜ್ಜಿನಲ್ಲಿ ಆ ನೆಗ್ಗನ್ನೇ ಹಿಂಬದಿಗೆ ತಿರುಗಿಸಿ ನಿಲ್ಲಿಸಬೇಕು, ಇಲ್ಲದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಹುದುಗಿಸಿದ ಬಿಯರ್ ತುಂಬುವ ಮೊದಲು ಒಳಗಿನ ಗಾಳಿಯನ್ನೆಲ್ಲ ಸಿಲಿಂಡರಿನ ಸೋಡಾ ಗ್ಯಾಸ್ ಬಿಟ್ಟು ಓಡಿಸಿದೆ, ಗಾಳಿ ಉಳಿದರೆ ಬಿಯರಿಗೆ ಒದ್ದೆ ರಟ್ಟಿನ ರುಚಿ, ಗ್ಯಾಸ್ ಸೋರುತ್ತದಾ ನೋಡಲು ಮುಚ್ಚಳದ ಸುತ್ತ ಸೋಪಿನ ನೀರು ಸವರಿ ಕೂತೆ, ಒಂದು ಗುಳ್ಳೆ, ಒಂದೇ, ಬಟಾಣಿಯಷ್ಟಾಗಿ ಒಡೆಯಿತು, ಒಡೆದು ಮತ್ತೆ ಊದಿಕೊಂಡಿತು, ರಬ್ಬರ್ ತೆಗೆದು ತಿರುಗಿಸಿ ಕೂರಿಸಿದೆ, ಮತ್ತೆ ಸವರಿದೆ, ಏನೂ ಇಲ್ಲ, ನೀರು ಕನ್ನಡಿಯ ಹಾಗೆ. ಆಮೇಲೆ ಕಾಯುವುದು. ತಣ್ಣಗೆ, ಕಡಿಮೆ ಒತ್ತಡದಲ್ಲಿ, ಮೀಟರಿನ ಮುಳ್ಳು ಅಜ್ಜ ಉಗುರು ಬಣ್ಣ ಹಚ್ಚಿದ್ದ ಗುರುತಿನ ಮೇಲೇ — ನನ್ನದೇ ಉಗುರು ಬಣ್ಣ, ಕೆಂಪು, ಕೇಳದೆ ತೆಗೆದುಕೊಂಡಿದ್ದ ಮುದುಕ — ಬಿಯರ್ ಗ್ಯಾಸ್ ಕುಡಿಯುತ್ತೆ ಕಣೆ ಮಗಾ, ಅದರ ಪಾಡಿಗೆ ಕುಡೀಲಿ, ನೀನು ಬಾಗಿಲು ತೆಗ್ದು ತೆಗ್ದು ನೋಡ್ಬೇಡ, ಎನ್ನುತ್ತಿದ್ದ. ಉಣ್ಣೆ ಮೂಟೆ ಕಟ್ಟುವ ಪಿರಿಪಿ ಹೋದ ವಾರ ಗ್ಯಾರೇಜಿಗೆ ಬಂದು, ಮುಳ್ಳನ್ನ ಪೂರ್ತಿ ತಿರುಗ್ಸು ಮಾರಾಯ್ತಿ, ನೆಲದ್ಮೇಲೆ ಹಾಕಿ ಕಾಲಲ್ಲಿ ಉರುಳ್ಸಿದ್ರೆ ಸಂಜೆಗೆ ರೆಡಿ, ನಾವೆಲ್ಲ ಹಂಗೇ ಮಾಡೋದು, ಎಂದು ಪೀಪಾಯಿಗೆ ಬೂಟು ತಾಗಿಸಿದ, ನಾನು ಪೀಪಾಯಿಗೂ ಬೂಟಿಗೂ ನಡುವೆ ಹೋಗಿ ನಿಂತೆ, ಅವನು ಹೋಗುವವರೆಗೂ ನಿಂತೇ ಇದ್ದೆ. ಅಜ್ಜ ಮೊದಲ ಗ್ಲಾಸು ಕುಡಿದು ಬೆಳಕಿಗೆ ಹಿಡಿದು ತೋರಿಸುತ್ತಿದ್ದ, ಗಾಜಿನ ಒಳಗೆ ನೊರೆಯ ಬಿಳಿ ಉಂಗುರಗಳು, ಗುಟುಕಿಗೊಂದು, ಒಂದರ ಕೆಳಗೊಂದು, ನೋಡಿದ್ಯಾ, ಇದು ಬಿಯರಿನ ಸಹಿ.

ತಂಡದವರು ಬಂದರು, ಬೆವರು, ಉಣ್ಣೆಯ ವಾಸನೆ, ಬಾಗಿದ ಬೆನ್ನುಗಳು, ಅಡುಗೆಯ ಪಾರೆ ಅತ್ತೆ ಕುರಿಮಾಂಸ, ಎಣ್ಣೆಯಲ್ಲಿ ಕರಿದ ಬ್ರೆಡ್ಡು ತಂದಿಟ್ಟಳು, ತೂರೋವ ಹಿಡಿಕೆಯ ಗ್ಲಾಸೊಂದನ್ನು ತೆಗೆದು ಹೆಬ್ಬೆರಳು ಒಳಗಿಟ್ಟೇ ಮುಂದೆ ಚಾಚಿದ, ಹಾಕಮ್ಮಾ. ನಲ್ಲಿ ಎಳೆದೆ, ಚಿನ್ನದ ಬಣ್ಣ, ನೊರೆ ಎದ್ದಿತು, ಎದ್ದಿತು, ಆಮೇಲೆ ಸುಯ್ಯೆಂದು ಕುಸಿದು ಹೋಯಿತು, ಗಾಜು ಬೋಳು, ಹೊರಗಿನ ಕುರಿಯಷ್ಟೇ ಬೋಳು. ಕುರಿ ಉಚ್ಚೆ ಕಣ್ರೋ, ಅಂದ ಪಿರಿಪಿ, ಉರುಳ್ಸು ಅಂದೆ, ಕೇಳಿದ್ಲಾ. ತೂರೋವ ನಗಲಿಲ್ಲ, ಅದೇ ಕೆಟ್ಟದ್ದು, ಅಜ್ಜನ ಹಳೇ ಗೆಳೆಯ ಅವನು, ನೆಲ ನೋಡಿದ. ಮತ್ತೆ ಶಾಲೆಯ ಆ ಬೆಂಚು, ಎಲ್ಲಿ ತಪ್ಪಿತು, ರಬ್ಬರಾ, ಆ ಬಟಾಣಿ ಗುಳ್ಳೆಯಾ, ರಾತ್ರಿಯೆಲ್ಲ ಗ್ಯಾಸ್ ಸೋರಿತಾ, ಆದರೆ ನೋಡು, ಗ್ಲಾಸಿನ ತಳದಿಂದ ಗುಳ್ಳೆ ಏಳುತ್ತಲೇ ಇದೆ, ಸಾಲು ಸಾಲು, ಒಂದೂ ತಡವರಿಸುತ್ತಿಲ್ಲ, ಗ್ಯಾಸ್ ಇದೆ, ಬೇಕಾದಷ್ಟಿದೆ, ಮೇಲೆ ಬಂದು ಸಾಯುತ್ತಿದೆ ಅಷ್ಟೆ, ಯಾಕೆ ಸಾಯುತ್ತಿದೆ — ಅವನ ಹೆಬ್ಬೆರಳು. ಗಾಜಿನ ಒಳಗೆ ಹೆಬ್ಬೆರಳಿನ ಗುರುತು, ಮಿರಮಿರ, ಬಿಯರ್ ಅದಕ್ಕೆ ಅಂಟದೆ ಹನಿಹನಿಯಾಗಿ ದೂರ ನಿಂತಿದೆ. ಉಣ್ಣೆಯ ಜಿಡ್ಡು, ಜಿಡ್ಡು ತಾಗಿದರೆ ನೊರೆ ನಿಲ್ಲುವುದಿಲ್ಲ. ಅಜ್ಜ ಉಣ್ಣೆ ಮುಟ್ಟುತ್ತಿರಲಿಲ್ಲ, ಗ್ಲಾಸುಗಳನ್ನು ಮನೆಯಿಂದ ತಾನೇ ತೊಳೆದು ತರುತ್ತಿದ್ದ, ನಾನು ಶೆಡ್ಡಿನ ಗ್ಲಾಸುಗಳನ್ನೇ ಜೋಡಿಸಿಟ್ಟೆ, ಈ ಕೈಯಲ್ಲೇ, ಬೇಸಿಗೆಯಿಡೀ ಕುರಿಯ ಕೊಬ್ಬು ಕುಡಿದು ಮೆತ್ತಗಾದ ಈ ಕೈಯಲ್ಲಿ.

ಚಹಾದ ಹಂಡೆಯಿಂದ ಬಿಸಿನೀರು, ತೊಳೆಯುವ ಸೋಡಾ, ಮೊಣಕೈವರೆಗೂ ಉಜ್ಜಿಕೊಂಡೆ, ಆಮೇಲೆ ಗ್ಲಾಸು, ಒಳಗೆ, ಅಂಚು, ಮತ್ತೆ ಒಳಗೆ, ಏನ್ ಮಾಡ್ತಿದಾಳ್ರೋ ಇವ್ಳು, ಮದುವೆ ಪಾತ್ರೆ ತೊಳ್ದಂಗೆ, ಯಾರೋ ಅಂದರು, ಗ್ಲಾಸನ್ನು ಐಸಿನ ನೀರಲ್ಲಿ ಅದ್ದಿದೆ, ಬಟ್ಟೆ ತಾಗಿಸಲಿಲ್ಲ. ತೂರೋವ ಕೈ ಚಾಚಿದ, ಆ ಕೈ, ಆ ಹೆಬ್ಬೆರಳು, ಮುಟ್ಬೇಡ, ಅಂದೆ, ಜೋರಾಗಿ, ತಗಡಿನ ಸೂರಿಗೆ ಬಡಿದು ವಾಪಸ್ಸು ಬಂತು ನನ್ನ ದನಿ, ಹಿಡಿಕೆ ಹಿಡ್ಕೋ, ಹಿಡಿಕೆ ಮಾತ್ರ. ಪಾರೆ ಅತ್ತೆ ಸೌಟು ಹಿಡಿದೇ ನಿಂತಳು, ಅಯ್ಯೋ ಯಜಮಾನನಿಗೇ ಬೈದ್ಲಲ್ಲೋ. ತೂರೋವ ಎರಡು ಬೆರಳಲ್ಲಿ ಹಿಡಿಕೆ ಹಿಡಿದ, ಮಗುವಿನ ಕಾಲು ಹಿಡಿದಂತೆ, ನಲ್ಲಿ ಎಳೆದೆ, ನೊರೆ ಎದ್ದಿತು, ಅಂಚು ದಾಟಿ ಉಬ್ಬಿ ನಿಂತಿತು, ನಿಂತೇ ಇದೆ, ಅವನು ಒಂದು ಗುಟುಕು ಕುಡಿದ, ಇನ್ನೊಂದು, ಮೀಸೆಯ ಮೇಲೆ ಬಿಳುಪು, ಪಿರಿಪಿ ಸದ್ದಿಲ್ಲದೆ ಹಂಡೆಯ ಹತ್ತಿರ ಹೋಗಿ ಕೈ ಉಜ್ಜಿಕೊಳ್ಳುತ್ತಿದ್ದಾನೆ, ಉಜ್ಜಿಕೊಳ್ಳಲಿ, ಚೆನ್ನಾಗಿ ಉಜ್ಜಿಕೊಳ್ಳಲಿ, ತೂರೋವ ಕೊನೆಯ ಗುಟುಕು ಮುಗಿಸಿ ಖಾಲಿ ಗ್ಲಾಸನ್ನು ಬಾಗಿಲ ಬೆಳಕಿಗೆ ಎತ್ತಿದ, ಅಜ್ಜ ಎತ್ತುತ್ತಿದ್ದ ಹಾಗೇ, ಎತ್ತಿ ನನ್ನ ಕಡೆ ತಿರುಗಿಸಿದ, ಬರುವ ವರ್ಷ ಎರಡು ಪೀಪಾಯಿ ಕಣಮ್ಮಾ, ಎಂದನೇನೋ, ನನಗೆ ಸರಿಯಾಗಿ ಕೇಳಿಸುತ್ತಿಲ್ಲ, ಗಾಜಿನ ಒಳಗೆ ಬಿಳಿ ಉಂಗುರ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಇನ್ನೊಂದು, ಬಿಳಿ ಉಂಗುರ —