ಸಂಬಂಧಪಟ್ಟವರು ಬೇಡ

ಕಿವಿಯೊಳಗೆ ಅದೇ ಪಿಟೀಲು, ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಮುಗ್ಗರಿಸುವ ಪಿಟೀಲು, ಅದರ ಮೇಲೊಂದು ನಯವಾದ ಹೆಣ್ಣುದನಿ, ನಿಮ್ಮ ಕರೆ ನಮಗೆ ಅಮೂಲ್ಯ, ನೀವು ಸಾಲಿನಲ್ಲಿ ಐದನೆಯವರು — ಅಮೂಲ್ಯವಂತೆ, ಇರಲಿ, ಕಾಲು ಇಲ್ಲೇ ಬೇರು ಬಿಟ್ಟರೂ ಸರಿ, ಈ ಸಲ ಫೋನ್ ಇಡುವವಳಲ್ಲ, ಕೈಗಂತೂ ಕೆಲಸವಿದೆ, ದೀಪದ ಮೇಲೆ ಚಾಕು ಕಾಯಿಸು, ಮೇಣ ಕರಗಿಸು, ಹಲ್ಲು ಕೂರಿಸು, ಮತ್ತೆ ಕಾಯಿಸು, ಹತ್ತು ವರ್ಷದಿಂದ ಇದೇ, ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತೇವೆ, ಯಾರ ಬಾಯಿ, ಯಾವ ದೇಶದ ಬಾಯಿ, ಅಚ್ಚಿನ ಮೇಲೆ ಬರೆದಿರುವುದಿಲ್ಲ. ಪಿಟೀಲು ನಿಂತಾಗಲೆಲ್ಲ ರೇಡಿಯೋದ ಚರ್ಚೆ ಕೇಳಿಸುತ್ತದೆ, ಯುದ್ಧಕ್ಕೆ ಬಿದ್ದಿರುವ ಆ ಎರಡೂ ದೇಶದ ಜನರಿಗೆ ನಮ್ಮ ವೀಸಾ ಬಂದ್ ಮಾಡಿದ್ದು ಸರಿಯೋ ತಪ್ಪೋ, ನಾಲ್ಕು ಗಂಟೆಯವರೆಗೆ ನೇರಪ್ರಸಾರ, ಸ್ಟುಡಿಯೋದಲ್ಲಿ ಖುದ್ದು ಸಚಿವರು. ಮೂರು ಗಂಟೆಗೆ ಬಾಯಿ ತೆರೆದವರೇ ಅಂದುಬಿಟ್ಟರಲ್ಲ, ನೋಡಿ, ವಾಸದ ಪರವಾನಗಿ ಇರೋ ಒಬ್ರೇ ಒಬ್ರನ್ನೂ ನಾವು ತಡೆದಿಲ್ಲ, ಅಂಥೋರು ಒಬ್ರಿದ್ರೆ ತೋರಿಸಿ, ಇಲ್ಲಿಂದ್ಲೇ ಫೋನ್ ಮಾಡಿ ಬಿಡಿಸ್ತೀನಿ. ಚಾಕು ಕೈಯಲ್ಲೇ ಆರಿತು. ತೋರಿಸಲೇ, ಸ್ವಾಮಿ, ನನ್ನ ಗಂಡನನ್ನೇ ತೋರಿಸಲೇ, ಆರು ವರ್ಷ ಹಳೆಯ ಪರವಾನಗಿ, ಇನ್ನೂ ಎರಡು ವರ್ಷ ಬಾಕಿ, ನಾಲ್ಕು ದಿನದಿಂದ ವಿಮಾನ ನಿಲ್ದಾಣದ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದೀರಿ, ಇವತ್ತು ಸಂಜೆ ಆರರ ವಿಮಾನಕ್ಕೆ ಹತ್ತಿಸುತ್ತೀರಿ, ಅಲ್ಲಿ ಇಳಿದ ಕಡೆಯೇ ಸೇನೆಯ ಲಾರಿ, ತಳ್ಳಿಸಿಕೊಂಡು ವಾಪಸ್ ಬಂದ ಗಂಡಸನ್ನು ಅವರು ಮನೆಗೆ ಬಿಡುವುದಿಲ್ಲ, ಬಂದೂಕು ಕೊಡುತ್ತಾರೆ, ಹಲ್ಲು ತಿದ್ದುವ ಕೈಗೆ ಬಂದೂಕು. ಮೊದಲ ಸಲ ರೇಡಿಯೋದವರಿಗೆ ಫೋನ್ ಮಾಡಿದಾಗ ಇದನ್ನೇ ಹೇಳಹೊರಟೆ, ಎತ್ತಿಕೊಂಡ ಹುಡುಗಿ ಕೇಳಿದಳು, ಪರನೋ ವಿರೋಧನೋ ಮೇಡಂ, ವಿರೋಧಮ್ಮ, ನಮ್ಮ ಮನೆಯವರೇ ಒಳಗಿದಾರೆ, ಅಯ್ಯೋ ಸಾರಿ ಮೇಡಂ, ಸಂಬಂಧಪಟ್ಟವರು ಬೇಡ ಅಂದಿದಾರೆ, ಸಾಮಾನ್ಯ ಜನ ಸಾಕಂತೆ, ವಿರೋಧ ಬೇರೆ ಜಾಸ್ತಿಯಾಗಿದೆ, ಟಕ್. ಸಂಬಂಧಪಟ್ಟವರು ಬೇಡ! ಮದುವೆಗೆ ಕರೆದು ಮದುಮಗಳು ಬೇಡ ಅಂದ ಹಾಗೆ, ಹೆಣ ಇಟ್ಟುಕೊಂಡು ಅಳುವವರು ಬೇಡ ಅಂದ ಹಾಗೆ — ದನಿ ದಪ್ಪ ಮಾಡಿಕೊಂಡು ಮತ್ತೆ ಮಾಡಿದೆ, ಪರನಮ್ಮ, ನೂರಕ್ಕೆ ನೂರು ಪರ, ಏನ್ ಕೆಲ್ಸ ಮೇಡಂ, ಹಲ್ಲು ಮಾಡ್ತೀನಿ, ಸೂಪರ್, ಲೈನಲ್ಲಿರಿ. ಸುಳ್ಳು ಹೇಳಿದೆ, ಹೌದು, ಹೇಳಿದೆ, ಏನೀಗ, ಸಚಿವರು ಹೇಳಿದರೆ ಹೇಳಿಕೆ, ನಾನು ಹೇಳಿದರೆ ಸುಳ್ಳೋ.

ನೀವು ಸಾಲಿನಲ್ಲಿ ನಾಲ್ಕನೆಯವರು. ಈಗ ರೇಡಿಯೋದಲ್ಲಿ ಮಾತಾಡುತ್ತಿರುವವನು ನಿವೃತ್ತ ಬ್ಯಾಂಕಿನವನು, ರೀ ನಿಮ್ಮನೆ ಬಾಗ್ಲಿಗೆ ಚಿಲಕ ಇಲ್ವೇನ್ರೀ, ದೇಶಕ್ಕೂ ಬೇಡ್ವಾ, ಇದೆಯಪ್ಪ, ಚಿಲಕ ಇದೆ, ಆದರೆ ಹೆಂಡತಿ ಒಳಗೆ ಅನ್ನಕ್ಕಿಟ್ಟಿರುವಾಗ ಗಂಡನ ಮುಖಕ್ಕೆ ಚಿಲಕ ಹಾಕುವ ಮನೆ ಯಾವುದು, ತೋರಿಸು ನೋಡೋಣ. ಅವನಾದ ಮೇಲೆ ಒಬ್ಬ ತಂದೆ, ದನಿ ಒಣಗಿದ ದನಿ, ನನ್ನ ಮಗಳು ಬಸ್ ಕಾಯ್ತಾ ನಿಂತಿದ್ಲು ಸಾರ್, ಅವರವರ ಜಗಳದ ಬಾಂಬು ನಮ್ಮ ಬೀದೀಲಿ ಸಿಡೀತು, ಕಾಲು ಹೋಯ್ತು, ನಾನ್ಯಾಕೆ ಒಳಗೆ ಬಿಡ್ಲಿ ಅವರನ್ನ — ಚಾಕು ಕೆಳಗಿಟ್ಟೆ. ಅಣ್ಣಾ, ನಿಮ್ಮ ಮಗಳ ಕಾಲು ಸುಳ್ಳಲ್ಲ, ಬಾಂಬಿಟ್ಟವನನ್ನು ಹಿಡಿಸಿ ಅಂತ ನಾನೂ ನಿಮ್ಮ ಪಕ್ಕ ನಿಲ್ಲುತ್ತೇನೆ, ಆದರೆ ಅವತ್ತು ನಮ್ಮವನು ಈ ಮೇಜಿನ ಮುಂದೆ ಯಾರದೋ ಅಜ್ಜಿಯ ಕೆಳದವಡೆ ಉಜ್ಜುತ್ತಿದ್ದ, ಇವನನ್ನು ಲಾರಿಗೆ ಹತ್ತಿಸಿದರೆ ಆ ಮಗು ನಡೆಯುತ್ತದೆಯೇ, ನಡೆಯುವುದಾದರೆ ಹೇಳಿ, ಅಣ್ಣಾ, ನಾನೇ ಹತ್ತಿಸುತ್ತೇನೆ. ಎದುರು ಮೇಜಿನಲ್ಲಿ ಪಾಲಿಶ್ ಅಕ್ಕ ಮೆಷಿನ್ ಆಫ್ ಮಾಡಿ ನನ್ನನ್ನೇ ನೋಡುತ್ತಿದ್ದಾಳೆ, ಸೆಟ್ಟುಗಳಿಗೆ ಹೊಳಪು ಕೊಡುವವಳು, ಅವಳದು ಆ ಇನ್ನೊಂದು ದೇಶ, ನಮ್ಮವನ ಊರಿನ ಮೇಲೆ ಬಾಂಬು ಹಾಕುತ್ತಿರುವ ದೇಶ, ಇಬ್ಬರೂ ದಿನಾ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು, ನಿಮ್ಮೋರು ಇವತ್ತು ನಮ್ಮೂರ ಮೇಲೆ ಏನ್ ಹಾಕಿದ್ರಕ್ಕ, ನಿನ್ನ ತಲೆ ಮೇಲೆ ಹಾಕ್ಲಿಲ್ವಲ್ಲ, ಮುಚ್ಕೊಂಡು ತಿನ್ನು. ಈಗ ಅವಳ ವೀಸಾಕ್ಕೂ ಮುಂದಿನ ತಿಂಗಳೇ ಕೊನೆ, ಎರಡೂ ದೇಶಕ್ಕೆ ಒಂದೇ ಕತ್ತರಿ, ಅದನ್ನೇ ಸಮಾನ ನ್ಯಾಯ ಅಂತ ಸಚಿವರು ಹೊಗಳಿಕೊಂಡದ್ದು. ಅಕ್ಕ ನೀನೂ ಒಂದು ಫೋನ್ ಮಾಡೇ ಅಂದರೆ, ನನ್ನ ಉಚ್ಚಾರ ಕೇಳಿದ್ರೆ ಹಲೋ ಅನ್ನೋದ್ರೊಳಗೆ ಇಟ್ಬಿಡ್ತಾರೆ ಕಣೇ, ನೀನು ಈ ಮಣ್ಣಿನೋಳು, ನೀನೇ ಮಾತಾಡು, ಗಟ್ಟಿಯಾಗಿ ಮಾತಾಡು. ಮಾತಾಡುತ್ತೇನೆ. ಯಜಮಾನರು ಬಾಗಿಲಲ್ಲಿ ಇಣುಕಿ, ಆ ಮೇಲಿನ ಸೆಟ್ಟು ಐದಕ್ಕೆ ಬೇಕಲ್ಲಮ್ಮ ಅಂದವರು ನನ್ನ ಮುಖ ನೋಡಿ, ಆಯ್ತು ನಾಳೆ ಕೊಟ್ರಾಯ್ತು ಬಿಡು ಅಂತ ಬಾಗಿಲು ಎಳೆದುಕೊಂಡರು.

ಮೂರನೆಯವರು. ಅಮ್ಮ ತೀರಿಕೊಂಡಳೆಂದು ಊರಿಗೆ ಹೋದವನು, ಎಂಟು ದಿನ, ಹೋಗಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಯಾರಿಗೆ ಬರುತ್ತದೆ. ಹೋದಮೇಲೆ ಸುಮ್ಮನೆ ಇದ್ದು ಬಂದನೇ, ಅಪ್ಪನ ಬೊಚ್ಚುಬಾಯಿ ನೋಡಿದ್ದೇ ತಡ ಇವನೊಳಗಿನ ಕಸುಬುದಾರ ಎದ್ದು ಕೂತ, ಕೂರಪ್ಪಾ, ಬಾಯ್ ತೆಗಿ, ಎಂದು ಮೇಲಿನದು ಕೆಳಗಿನದು ಎರಡೂ ಅಚ್ಚು ತೆಗೆದು, ಇಲ್ಲಿ ನಮ್ಮ ಕೈಯಲ್ಲೇ ಸೆಟ್ಟು ಮಾಡಿ ಕಳಿಸೋಣವೆಂದು ಅಪ್ಪನ ದವಡೆಗಳನ್ನು ಬನಿಯನ್ನಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದ, ಜೊತೆಗೆ ಉಳಿದ ಬಿಳಿ ಪುಡಿ, ಅಚ್ಚು ತೆಗೆಯುವ ಪುಡಿ, ಚೀಟಿಯಿಲ್ಲದ ಡಬ್ಬಿಯಲ್ಲಿ! ಯುದ್ಧದ ದೇಶದಿಂದ ಬರುವವನು, ಬಿಳಿ ಪುಡಿ, ಚೀಟಿಯಿಲ್ಲದ ಡಬ್ಬಿಯಲ್ಲಿ, ಅಯ್ಯೋ ನನ್ನ ಪೆದ್ದೇ, ಹಲ್ಲು ಕಟ್ಟುವವರನ್ನು ಬಿಟ್ಟರೆ ಇನ್ಯಾರು ಮಾಡುತ್ತಾರೆ ಇಂಥ ಕೆಲಸ. ವಿಮಾನ ಇಳಿದದ್ದು ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ. ಹನ್ನೆರಡರಿಂದ ಹೊಸ ಆದೇಶ, ಅದು ಇವನಿಗೇನು ಗೊತ್ತು, ಆಕಾಶದಲ್ಲಿದ್ದವನಿಗೆ ಯಾರು ಹೇಳುತ್ತಾರೆ. ಯುದ್ಧದ ದೇಶದ ವಿಮಾನವೆಂದು ಪಾಸ್‌ಪೋರ್ಟಿಗೂ ಮೊದಲೇ ಚೀಲ ಬಿಚ್ಚಿಸಿದ ತಪಾಸಣೆಯವರು ಡಬ್ಬಿ ಎತ್ತಿ ಇದೇನು ಅಂದರು, ಇವನು ವಿವರಿಸಿದ, ನೀರಲ್ಲಿ ಕಲೆಸಿ ಬಾಯಲ್ಲಿಟ್ರೆ ಎರಡು ನಿಮಿಷಕ್ಕೆ ಗಟ್ಟಿಯಾಗುತ್ತೆ ಸಾರ್, ಹಾಗಾದ್ರೆ ನಿನ್ನ ಬಾಯಲ್ಲೇ ಇಟ್ಟು ತೋರ್ಸು. ತೋರಿಸಿದ. ಅರ್ಧಂಬರ್ಧ ತೋರಿಸಿ ಓಡಿಬರಬಾರದಿತ್ತೇ, ಇಲ್ಲ, ಇವನಿಗೆ ಆಗಲಿಲ್ಲ, ಕಾಗದದ ಲೋಟ ಕೇಳಿದ, ತಣ್ಣೀರೇ ಬೇಕೆಂದ, ಉಂಡೆಯಿಲ್ಲದಂತೆ ಕಲೆಸಿದ, ತನ್ನ ಮೇಲ್ದವಡೆಗೆ ಒತ್ತಿ ಪೂರ್ತಿ ಗಟ್ಟಿಯಾಗುವವರೆಗೆ ಮೂಗಿನಲ್ಲಿ ಉಸಿರಾಡುತ್ತ ನಿಂತ, ತೆಗೆದು ತೋರಿಸಿ, ನೋಡಿ ಸಾರ್ ಈ ಗೆರೆ ಎಷ್ಟು ಚೆನ್ನಾಗಿ ಬಂದಿದೆ ಅಂದ, ಅವರಲ್ಲೊಬ್ಬ ನಮ್ಮತ್ತೆಗೂ ಒಂದು ಸೆಟ್ ಬೇಕಿತ್ತು ಕಣಯ್ಯಾ ಅಂದನಂತೆ, ನಕ್ಕರಂತೆ, ಹೋಗು ಅಂದರಂತೆ, ಇವನು ಮೇಜು ಒರೆಸಿ ಹೊರಟನಂತೆ. ಪಾಸ್‌ಪೋರ್ಟಿನ ಕಿಟಕಿ ಮುಟ್ಟಿದಾಗ ಹನ್ನೆರಡು ಗಂಟೆ ನಾಲ್ಕು ನಿಮಿಷ. ನಾಲ್ಕು ನಿಮಿಷ! ಮೇಜು ಒರೆಸಿದ ನಾಲ್ಕು ನಿಮಿಷ. ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಕ್ಕೆ ಮನುಷ್ಯನನ್ನು ಯುದ್ಧಕ್ಕೆ ಕಳಿಸುವ ಸರ್ಕಾರವೇ, ನಿನ್ನ ಗಡಿಯಾರ ಯಾವನ ಕೈಗೆ ಕಟ್ಟಿದ್ದೀಯ.

ಎರಡನೆಯವರು, ಮೂರೂ ನಲವತ್ತೆಂಟು. ನಿನ್ನೆ ಇವನನ್ನು ನೋಡಲು ಹತ್ತು ನಿಮಿಷ ಬಿಟ್ಟರು, ಮಧ್ಯೆ ದಪ್ಪ ಗಾಜು, ಎರಡೂ ಕಡೆ ಫೋನು. ಇವನು ಎದ್ದು ಬಂದ, ಬಂದ ರೀತಿಯಲ್ಲೇ ಏನೋ ತಪ್ಪಿತ್ತು, ಬಲಗೈ ಸೊಂಟದ ಹತ್ತಿರ, ಮುಷ್ಟಿ ಕಟ್ಟಿದ ಕೈ, ಹೊಟ್ಟೆನೋವೇನೋ ಅಂದುಕೊಂಡೆ, ಏನಾಯ್ತೋ ಅಂದೆ, ಏನಿಲ್ಲ ಕಣೆ, ಬೆಲ್ಟ್ ಕಿತ್ಕೊಂಡ್ರು, ನಿಯಮವಂತೆ, ಮೂರು ದಿನದಲ್ಲಿ ಸೊಂಟ ಬೇರೆ ಇಳಿದುಹೋಗಿದೆ, ಕೈ ಬಿಟ್ರೆ ಪ್ಯಾಂಟು ಪಾದಕ್ಕೆ, ನಗಬೇಡ. ನಗಲಿಲ್ಲ. ಸ್ವಇಚ್ಛೆಯಿಂದ ಹಿಂದಿರುಗುತ್ತಿದ್ದೇನೆ ಅಂತ ಒಂದು ಕಾಗದ ತಂದಿದ್ರು, ಸೈನ್ ಹಾಕು ಅಂತ, ಕೈ ಖಾಲಿ ಇಲ್ಲ ಸಾರ್ ಅಂದೆ, ಎಡಗೈಲಿ ಹಾಕು ಅಂದ್ರು, ಎಡಗೈಲಿ ಹಾಕಿದ್ರೆ ಅದು ನನ್ನ ಇಚ್ಛೆ ಹೇಗಾಗುತ್ತೆ ಸಾರ್, ಬೆಲ್ಟ್ ಕೊಡಿ, ಆಮೇಲೆ ಯೋಚ್ನೆ ಮಾಡ್ತೀನಿ. ಅಷ್ಟು ಹೇಳುವಾಗಲೂ ಆ ಮುಷ್ಟಿ ಸಡಿಲಲಿಲ್ಲ, ಗೆಣ್ಣುಗಳು ಬಿಳಚಿದ್ದವು, ಕೂದಲೆಳೆಯಷ್ಟು ತಿರುಗಿಸಿ ಬಾಚಿಹಲ್ಲು ಕೂರಿಸುವ ಬೆರಳುಗಳು, ಸೊಂಟದ ಬಟ್ಟೆಯನ್ನು ಹಿಡಿದು — ಹೊರಡುವಾಗ ಕೈ ಬೀಸಲು ಹೋದ, ಎಡಗೈಯಲ್ಲಿ ಫೋನಿತ್ತು, ಬಲಗೈ ಎತ್ತುವಂತಿರಲಿಲ್ಲ, ಎರಡನ್ನೂ ನೋಡಿಕೊಂಡ, ತಲೆ ಮಾತ್ರ ಅಲ್ಲಾಡಿಸಿದ. ಬೆಲ್ಟು ಕಿತ್ತುಕೊಂಡವರಿಗೆ ಗೊತ್ತು ಯಾಕೆ ಕಿತ್ತುಕೊಂಡದ್ದೆಂದು, ಮನುಷ್ಯ ಒಂದು ಕೈಯಲ್ಲಿ ಮಾನ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನ್ಯಾಯ ಕೇಳಬೇಕು, ಅರ್ಧ ಬಾಗಿಯೇ ಕೇಳಬೇಕು, ಇವನು ಬಾಗಲಿಲ್ಲ, ನೆಟ್ಟಗೇ ನಿಂತಿದ್ದ, ಹಾಗಾದರೆ ನಾನು —

ಹಲೋ, ಪಿಟೀಲು ಸತ್ತಿದೆ, ನಮಸ್ಕಾರ ಮೇಡಂ, ನೀವು ಹಲ್ಲು ಮಾಡೋರಂತೆ, ನಮ್ಮ ಸಚಿವರಿಗೆ ಸದ್ಯಕ್ಕೇನೂ ಬೇಕಾಗಿಲ್ಲ ಹಹ್ಹಹ್ಹ, ಈ ಆದೇಶದ ಪರವಾಗಿದೀರಿ, ಯಾಕೆ ಅಂತ ಹೇಳಿ — ಹೇಳು, ಈಗಲೇ ಹೇಳು. ಸಚಿವರೇ, ಒಬ್ರನ್ನ ತೋರಿಸಿ ಅಂದ್ರಲ್ಲ, ಪೆನ್ ತಗೊಳ್ಳಿ, ಕಡತ ಸಂಖ್ಯೆ ನಾಲ್ಕು ಏಳು ಒಂದು ಒಂದು ಆರು, ವಾಸದ ಪರವಾನಗಿ ಇದೆ, ನಾಲ್ಕು ದಿನದಿಂದ ನಿಮ್ಮ ಕೋಣೇಲಿದಾರೆ, ಆರು ಗಂಟೆಗೆ ವಿಮಾನ. ಮೇಡಂ ಮೇಡಂ, ನೀವು ಪರ ಅಂತ ಬರೆಸಿ — ನಾನು ಸಂಬಂಧಪಟ್ಟವಳು, ಅವನ ಹೆಂಡತಿ, ಈಗ ಹೇಳಿ ಸಚಿವರೇ, ಇಲ್ಲಿಂದ್ಲೇ ಬಿಡಿಸ್ತೀನಿ ಅಂದಿದ್ರಿ. ಯಾರೋ ಕೆಮ್ಮಿದರು, ಆಮೇಲೆ ಸಚಿವರ ದನಿ, ನೋಡಮ್ಮ, ಅದಕ್ಕೊಂದು ಕ್ರಮ ಇದೆ, ನಾಳೆ ಕಚೇರಿಗೊಂದು ಅರ್ಜಿ — ನಾಳೆ ಅಲ್ಲ, ನಾಳೆ ಅವನು ಲಾರಿಯಲ್ಲಿರುತ್ತಾನೆ, ಇಲ್ಲಿಂದ್ಲೇ ಅಂದ್ರಿ, ಇಲ್ಲಿಂದ್ಲೇ, ನಾಲ್ಕು ಏಳು ಒಂದು ಒಂದು ಆರು. ಪಾಲಿಶ್ ಅಕ್ಕ ಓಡಿಹೋಗಿ ಕಪಾಟಿನ ಮೇಲಿನ ರೇಡಿಯೋ ಜೋರು ಮಾಡಿದಳು, ಕೆಲವು ಕ್ಷಣ ಹಿಂದುಳಿದ ನನ್ನದೇ ದನಿ ಕೋಣೆ ತುಂಬ, ಅವನ ಹೆಂಡತಿ, ಕತ್ತರಿಸಿಲ್ಲ, ಹೋಗಿದೆ, ಊರೆಲ್ಲ ಹೋಗಿದೆ, ಆ ನಿವೃತ್ತ ಬ್ಯಾಂಕಿನವನಿಗೆ, ಆ ಮಗುವಿನ ತಂದೆಗೆ, ಹಿಂದಿನ ಕೋಣೆಯ ಕಾವಲಿನವನಿಗೂ, ಈ ಕಡೆ ಕಿವಿಯಲ್ಲಿ ಕಾಗದ ಸರಿದ ಸದ್ದು, ಬರೆದುಕೊಂಡರೋ, ಮಡಿಸಿಟ್ಟರೋ, ಮೂರೂ ಐವತ್ತೆರಡು, ನಾನು ಇಡುವುದಿಲ್ಲ, ನೀವೇ ಇಡಿ, ಇಟ್ಟರೆ ಎಲ್ಲರಿಗೂ ಕೇಳಿಸುತ್ತದೆ, ಮತ್ತೆ ಹೇಳುತ್ತೇನೆ, ನಾಲ್ಕು, ಏಳು, ಗಾಜಿನಾಚೆ ಆ ಕೈ, ಒಂದು, ಸೊಂಟದ ಬಟ್ಟೆ ಹಿಡಿದ ಆ ಕೈ, ಒಂದು, ಬಿಳಚಿದ ಗೆಣ್ಣು, ಬಿಡದ ಮುಷ್ಟಿ, ಆ ಕೈ, ಆ ಮುಷ್ಟಿ, ಆ